ಆಗಲಿ, ಆಗಾಲಿ

ನಾನು ಆ ಓಣಿಗೆ ಕಾಲಿಡುವ ಮೊದಲೇ ಅಲ್ಲೊಂದು ಬೆಂಕಿ ಹತ್ತಿ ಆರಿತ್ತು. ವೆಲ್ಡಿಂಗ್ ಕಿಡಿ ಹಾರಿ ಪಕ್ಕದ ಬಸ್ಸಿನ ಸೀಟಿನ ಸ್ಪಂಜಿಗೆ ಬಿದ್ದದ್ದು, ಅಷ್ಟೆ. ಕೆಲಸಗಾರರೇ ಡ್ರಮ್ಮಿನ ನೀರು ಎರಚಿ ಆರಿಸಿದ್ದರು. ಯಾರಿಗೂ ಒಂದು ಬೊಬ್ಬೆ ಕೂಡ ಏಳಲಿಲ್ಲ. ಆದರೆ ಕರೆಸಿದ ಅಗ್ನಿಶಾಮಕ ಬಂಡಿ ಓಣಿಯ ಬಾಯಲ್ಲೇ ನಿಂತುಬಿಟ್ಟಿತ್ತು. ಒಳಗೆ ಬರಲು ಅದಕ್ಕೆ ದಾರಿಯೇ ಇರಲಿಲ್ಲ.

ವಿಜಯವಾಡದ ಆಟೋನಗರ್‌ನಲ್ಲಿ ಅಂಥ ಓಣಿಗಳು ಬೇಕಾದಷ್ಟಿವೆ. ಇದರಲ್ಲಿ ಎರಡೂ ಬದಿ ಸೇರಿ ನೂರಿಪ್ಪತ್ತು ಶೆಡ್. ಮುಂದಿನವು ಬಸ್ಸು ಲಾರಿಗಳ ಬಾಡಿ ಕಟ್ಟುವವು, ನಡುವೆ ವೆಲ್ಡಿಂಗಿನವು, ಬಾಗಿದ ಲಾರಿ ಚಾಸಿಗಳನ್ನು, ಅಂದರೆ ಅಡಿಯ ಕಬ್ಬಿಣದ ಚೌಕಟ್ಟುಗಳನ್ನು, ಎಳೆದು ನೇರ ಮಾಡುವವು, ತೀರಾ ಕೊನೆಯಲ್ಲಿ ಬಣ್ಣ ಹೊಡೆಯುವ ಏಳು ಶೆಡ್‌ಗಳು. ಓಣಿಯ ಕೊನೆಗೆ ಗೋಡೆ. ಎಲ್ಲರೂ ವರ್ಷಕ್ಕೆ ಒಂದು ಗೇಣಿನಂತೆ ಮುಂದೆ ಬಂದು ಬಂದು, ರಸ್ತೆ ಅನ್ನುವುದು ಒಂದು ಆಟೋ ತೂರುವಷ್ಟು ಉಳಿದಿತ್ತು. ಬಣ್ಣಕ್ಕೆ ಬೆರೆಸುವ, ಕಿಡಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳುವ ಥಿನ್ನರ್ ಡಬ್ಬಗಳೆಲ್ಲ ಇದ್ದದ್ದು ಆ ಗೋಡೆಯ ಪಕ್ಕದಲ್ಲಿ. ನಡುವೆ ಬೆಂಕಿ ಬಿದ್ದರೆ ಕೊನೆಯವರು ಹೊರಗೆ ಬರುವಂತಿಲ್ಲ, ಬಂಡಿ ಒಳಗೆ ಹೋಗುವಂತಿಲ್ಲ.

ಅಗ್ನಿಶಾಮಕ ಅಧಿಕಾರಿ ಒಂದೇ ಮಾತು ಹೇಳಿ ಹೋಗಿದ್ದರು. ಪ್ರತಿ ಶೆಡ್ಡೂ ಮುಂಭಾಗವನ್ನು ಐದಡಿ ಹಿಂದಕ್ಕೆ ತೆಗೆದುಕೊಳ್ಳಬೇಕು. ಎಲ್ಲರೂ ಒಪ್ಪಿ ಬರೆದುಕೊಟ್ಟರೆ ಸರಿ, ಇಲ್ಲವಾದರೆ ಬೇಸಿಗೆ ಏರುವ ಮೊದಲು ಕೊನೆಯ ಏಳು ಶೆಡ್ಡಿಗೂ ಬೀಗ. ಶೆಡ್ ಮಾಲೀಕರ ಸಂಘದ ಅಧ್ಯಕ್ಷರು ಸಭೆ ಕರೆದು ಕೈ ಎತ್ತಿಸಿದರು. ಎಲ್ಲರೂ ಎತ್ತಿದರು. ಮರುದಿನ ಬೆಳಿಗ್ಗೆ ನೋಡಿದರೆ ಒಬ್ಬನೂ ಒಂದು ತಗಡು ಅಲ್ಲಾಡಿಸಿರಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುತ್ತಾರಲ್ಲ, ಇಲ್ಲಿ ಊರಿಗೆ ಊರೇ ಪೋರ. ಆಮೇಲೆ ಅಧ್ಯಕ್ಷರು ವಿಶಾಖಪಟ್ಟಣದ ನಮ್ಮ ಆಫೀಸಿಗೆ ಫೋನು ಮಾಡಿದರು.

ನಮ್ಮದು ಚಿಕ್ಕ ಆಫೀಸು. ನೂರಾರು ಜನ ಸೇರಿ ಒಂದು ತೀರ್ಮಾನಕ್ಕೆ ಬರಬೇಕಾದ ಕಡೆ ಹೋಗಿ, ಆ ಒಮ್ಮತವನ್ನು ಕ್ರಮವಾಗಿ ಕಟ್ಟಿಕೊಡುವುದು ಕೆಲಸ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳುವುದು, ಉತ್ತರಗಳನ್ನು ಗುಂಪು ಮಾಡುವುದು, ಯಾರ ಹೆಸರೂ ಹೇಳದೆ ಆ ಸಾರಾಂಶವನ್ನು ಎಲ್ಲರ ಮುಂದಿಡುವುದು, ಮತ್ತೆ ಕೇಳುವುದು. ಒಂದೊಂದು ಸುತ್ತಿಗೂ ಅಭಿಪ್ರಾಯಗಳ ಅಂತರ ಕಿರಿದಾಗಬೇಕು. ವಿಶಾಖಪಟ್ಟಣದ ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ನಮ್ಮ ಆಫೀಸಿನ ಮುಖ್ಯಸ್ಥೆ ಮೇಡಂ ಮಾಡುತ್ತಿದ್ದರು, ನಾನು ಅವರ ಹಿಂದೆ ಫೈಲು ಹೊತ್ತು ಓಡಾಡುತ್ತಿದ್ದೆ. ಆ ಸಲ ಅವರು, "ನೀವೊಬ್ಬರೇ ಹೋಗಿ ಬನ್ನಿ," ಅಂದರು. ಖುಷಿಗಿಂತ ಅಳುಕೇ ಹೆಚ್ಚಾಗಿತ್ತು.

ನಾನು ಮಂಡ್ಯದ ಕಡೆಯವನು. ಆಂಧ್ರಕ್ಕೆ ಬಂದು ಆರು ತಿಂಗಳಾಗಿತ್ತು. ತೆಲುಗಿನ ಅಕ್ಷರಗಳು ನಮ್ಮವುಗಳ ಅಣ್ಣತಮ್ಮಂದಿರ ಹಾಗಿರುವುದರಿಂದ ಬೋರ್ಡುಗಳನ್ನು ಸಲೀಸಾಗಿ ಓದುತ್ತಿದ್ದೆ. "ತೆಲುಗು ಏನ್ ಮಹಾ, ಅರ್ಧ ಕನ್ನಡಾನೇ," ಅಂತ ಊರಿಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದೂ ಇದೆ. ಆ ಕೊಚ್ಚಿಕೊಳ್ಳುವಿಕೆ ನನಗೆ ಬಡ್ಡಿ ಸಮೇತ ವಾಪಸ್ಸಾಯಿತು.

ಓಣಿಗೆ ಹತ್ತಿರದ ಪಟಮಟದಲ್ಲಿ ಒಂದು ಮನೆಯ ಮಾಳಿಗೆ ಕೋಣೆ ಸಿಕ್ಕಿತು. ಮನೆಯ ಯಜಮಾನಿ ಅಕ್ಕ ದಾವಣಗೆರೆಯವರು. ತೆಲುಗಿನವರನ್ನು ಮದುವೆಯಾಗಿ ಬಂದು ಇಪ್ಪತ್ತೈದು ವರ್ಷ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡು ಅಂದರೆ ನಗುತ್ತಾರೆ. ಹಾಗಾಗಿ ನಾನು ಸಿಕ್ಕಿದ್ದು ಅವರಿಗೆ ಹಬ್ಬವಾಗಿತ್ತು. ಬೆಳಿಗ್ಗೆ ಕಾಫಿ ಕೊಡುವಾಗ ಅರ್ಧ ಗಂಟೆ ಕನ್ನಡ ಆಡಿಯೇ ಬಿಡುತ್ತಿದ್ದರು.

ಮೊದಲ ಸುತ್ತಿನಲ್ಲಿ ಮುದ್ರಿಸಿದ ಹಾಳೆ ಹಂಚಿದೆ. ಐದು ಚೌಕ, ಒಂದಕ್ಕೆ ಗುರುತು ಹಾಕಬೇಕು. ಹಾಳೆಗಳು ಗ್ರೀಸ್ ಮೆತ್ತಿಕೊಂಡು ವಾಪಸು ಬಂದವು. ಯಾವುದು ಗುರುತು, ಯಾವುದು ಬೆರಳಚ್ಚು, ನನಗೆ ತಿಳಿಯಲಿಲ್ಲ. ಒಬ್ಬರಂತೂ ಅದರಲ್ಲಿ ಬೇರಿಂಗ್ ಸುತ್ತಿಟ್ಟಿದ್ದರು. ಎರಡನೇ ಸುತ್ತಿನಲ್ಲಿ ಸಣ್ಣ ಟೇಪ್ ರೆಕಾರ್ಡರ್ ಹಿಡಿದು ಹೊರಟೆ. "ಬಾಯಲ್ಲಿ ಹೇಳಿ ಸಾಕು. ನೀವು ಹೇಳಿದ್ದು ನನ್ನ ಕಿವಿ ಬಿಟ್ಟು ಇನ್ನೊಬ್ಬರಿಗೆ ಹೋಗಲ್ಲ," ಎಂದು ಪ್ರತಿ ಶೆಡ್ಡಿನಲ್ಲೂ ಮಾತು ಕೊಟ್ಟೆ. ಆಗ ಬಾಯಿ ಬಿಟ್ಟರು.

ಮೂರು ಆಲೋಚನೆಗಳು ಬಂದವು. ಪೇಂಟಿನವರನ್ನು ಬೇರೆ ಕಡೆ ಕಳಿಸುವುದು. ಹಿಂದಿನ ಗೋಡೆ ಒಡೆದು ಇನ್ನೊಂದು ದಾರಿ ಮಾಡುವುದು. ಎಲ್ಲರೂ ಐದಡಿ ಸರಿಯುವುದು. ಗೋಡೆಯ ಆಚೆಗಿನ ಜಾಗ ಇನ್ನೊಬ್ಬರದು, ಅವರು ಒಪ್ಪಲಿಲ್ಲ. ಪೇಂಟಿನವರನ್ನು ಕಳಿಸಿ ಅಂದವರು ಮೊದಲು ಹೆಚ್ಚಿದ್ದರು. ಅವರಿಗೆ ನಾನು ಸಾರಾಂಶದಲ್ಲಿ ಒಂದು ಪ್ರಶ್ನೆ ಕೇಳಿದೆ: ಬಣ್ಣ ಹೊಡೆಯುವವರು ಇಲ್ಲದ ಓಣಿಗೆ ಬಾಡಿ ಕಟ್ಟಿಸಲು ಯಾರು ಬರುತ್ತಾರೆ? ನಿಧಾನವಾಗಿ ಜನ ಮೂರನೆಯದರ ಕಡೆ ವಾಲಿದರು.

ಆ ಏಳು ಶೆಡ್‌ಗಳಲ್ಲಿ ಕಟ್ಟಕಡೆಯದು ಒಬ್ಬ ಮುದುಕರದು. ಪೇಂಟರ್ ತಾತ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಹರೆಯದಲ್ಲಿ ಬಳ್ಳಾರಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆದವರು, ಹಾಗಾಗಿ ನನ್ನ ಜೊತೆ ಕನ್ನಡ ಆಡುತ್ತಿದ್ದರು. ಅವರ ಇಬ್ಬರು ಅಳಿಯಂದಿರೂ ಅದೇ ಶೆಡ್ಡಿನಲ್ಲಿ ಕೆಲಸಕ್ಕೆ.

"ಬೀಗ ಹಾಕಿದ್ರ ಎರಡು ಮನಿ ಒಲಿ ಆರ್ತಾವು ಬಾಬು," ಅಂದರು ಒಂದು ದಿನ. "ಬೀಗ ಹಾಕ್ಲಿಲ್ಲಂದ್ರ, ದಾರಿ ಇಲ್ದ ಹಂಗಽ ಬಿಟ್ರ, ನಾವಽ ಹೋಗ್ತೀವಿ. ನೀನು ಎಲ್ಲಾರ್ನೂ ಒಪ್ಪಿಸ್ತೀ ಹೌದಲ್ಲೋ?"

"ಒಪ್ಪಿಸ್ತೀನಿ ತಾತ," ಅಂದುಬಿಟ್ಟೆ. ಒಪ್ಪಿಸುವುದು ನನ್ನ ಕೆಲಸವಲ್ಲ, ಕೇಳಿಸಿಕೊಳ್ಳುವುದು ನನ್ನ ಕೆಲಸ. ಅದು ಗೊತ್ತಿದ್ದೂ ಬಾಯಿಗೆ ಬಂದದ್ದನ್ನು ಅಂದೆ. ಅವತ್ತಿನಿಂದ ಓಣಿಯಲ್ಲಿ ಎಲ್ಲಿ ಕಿಡಿ ಹಾರಿದರೂ ನಿಂತು ತಿರುಗಿ ನೋಡಲು ಶುರು ಮಾಡಿದೆ.

ಕೊನೆಯ ಸುತ್ತಿನಲ್ಲಿ ಒಂದೇ ಪ್ರಶ್ನೆ. ಒಂದು ವಾರದೊಳಗೆ, ಎಲ್ಲರೂ ಒಟ್ಟಿಗೆ, ಐದಡಿ ಹಿಂದಕ್ಕೆ, ನಿಮ್ಮ ಉತ್ತರ? ಅಧಿಕಾರಿ ಕೊಟ್ಟ ಗಡುವು ಹತ್ತಿರವಾಗಿತ್ತು. ಒಂದೇ ದಿನದಲ್ಲಿ ನೂರಿಪ್ಪತ್ತು ಶೆಡ್ ಸುತ್ತಿದೆ. ಸುತ್ತಿಗೆಗಳ ಸದ್ದು, ಗ್ರೈಂಡರಿನ ಸದ್ದು, ಕಂಪ್ರೆಸರ್. ಯಾರು ಏನಂದರೆಂದು ಎದುರಿಗೆ ನಿಂತಾಗಲೂ ಸರಿಯಾಗಿ ಕೇಳುತ್ತಿರಲಿಲ್ಲ. ಟೇಪಿದೆಯಲ್ಲ ಅನ್ನುವ ಧೈರ್ಯ.

ಸಂಜೆ ಕೋಣೆಯಲ್ಲಿ ಕುಳಿತು ಕೇಳಿದೆ. ಹೆಚ್ಚಿನವರು "ಸರೇ" ಅಂದಿದ್ದರು, ಕೆಲವರು "ಅಲಾಗೇ", ಅಂದರೆ ಹಾಗೆಯೇ ಮಾಡೋಣ ಅಂತ. ನಡುವಿನ ಕೆಲವು ಶೆಡ್‌ಗಳಲ್ಲಿ ಸದ್ದಿನ ನಡುವೆ ಬೇರೊಂದು ಮಾತು ಕೇಳಿಸಿತು. "ಆಗಲಿ." ನಮ್ಮ ಮಂಡ್ಯದಲ್ಲಿ ಹಿರಿಯರು ಒಪ್ಪಿಗೆ ಕೊಟ್ಟು ತಲೆಯಾಡಿಸುತ್ತಾರಲ್ಲ, ಅದೇ ಮಾತು! ಇವರ ಬಾಯಲ್ಲೂ ಇದೆಯಲ್ಲ ಅಂತ ನನಗೆ ಎಷ್ಟು ಸಂತೋಷವಾಯಿತೆಂದರೆ, ಟೇಪು ಹಿಂದಕ್ಕೆ ಸುತ್ತಿ ಇನ್ನೊಮ್ಮೆ ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಅಂಥವು ಹನ್ನೊಂದು. ಎಲ್ಲಕ್ಕೂ ಒಪ್ಪಿಗೆ ಅಂತ ಬರೆದುಕೊಂಡೆ. ನೂರಿಪ್ಪತ್ತಕ್ಕೆ ನೂರಿಪ್ಪತ್ತು.

ಮರುದಿನ ಬೆಳಗಿನ ರೈಲಿಗೆ ವಿಶಾಖಪಟ್ಟಣ. ಮೇಡಂ ವರದಿಯನ್ನು ನಿಂತುಕೊಂಡೇ ಓದಿದರು. ಕಿಟಕಿಯಾಚೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು. "ಒಬ್ಬರೂ ಬಿಡದ ಹಾಗೆ ಒಪ್ಪಿದ್ದನ್ನು ನಾನು ಈ ಕೆಲಸದಲ್ಲಿ ನೋಡಿಲ್ಲ," ಅಂದರು. ಅದು ಹೊಗಳಿಕೆ ಅಂತ ತಿಳಿದೆ. ಅನುಮಾನವೂ ಇದ್ದಿರಬಹುದು ಅಂತ ಈಗ ಅನ್ನಿಸುತ್ತದೆ. ಒಂದು ಪ್ರತಿ ಅಗ್ನಿಶಾಮಕ ಅಧಿಕಾರಿಗೆ ಹೋಯಿತು. ಮೂರು ದಿನ ಬಿಟ್ಟು ಸಭೆ, ಅಲ್ಲಿ ವರದಿ ಓದಿ ಎಲ್ಲರ ಸಹಿ.

ಸಭೆಯ ದಿನ ಬೆಳಿಗ್ಗೆ ಪಟಮಟದ ಮನೆಯ ಜಗುಲಿಯಲ್ಲಿ ಕೂತು ಟೇಪುಗಳಿಗೆ ನಂಬರು ಹಚ್ಚುತ್ತಿದ್ದೆ. ಯಾವುದು ಯಾವ ಸಾಲಿನದೆಂದು ನೋಡಲು ಒಂದನ್ನು ರೆಕಾರ್ಡರಿಗೆ ಹಾಕಿದೆ. ಹೊರಗೆ ಕೂತು ಹಾಕಬಾರದಿತ್ತು, ಅದು ನಾನು ಕೊಟ್ಟ ಮಾತಿಗೆ ತಪ್ಪಿದ ಹಾಗೆ. ಅಕ್ಕ ಕಾಫಿ ಲೋಟ ಹಿಡಿದು ಬಂದವರು ಬಾಗಿಲಲ್ಲೇ ನಿಂತರು.

"ಯಾಕೋ ತಮ್ಮಾ, ಈ ಮನುಷ್ಯ ಏನನ್ನ ನಿಲ್ಲಿಸ್ಬೇಕು ಅಂತಾನೆ?"

"ನಿಲ್ಸೋದಲ್ಲ ಅಕ್ಕ, ಒಪ್ಕೊಂಡವ್ರೆ. ಆಗಲಿ ಅಂತಾವ್ರೆ."

"ಅಯ್ಯೋ ಹುಚ್ಚಪ್ಪಾ! ಆಗಲಿ ಅಲ್ಲೋ ಅದು, ಆಗಾಲಿ. 'ಗಾ' ದೀರ್ಘ ಐತಿ ನೋಡು. ತೆಲುಗಿನಾಗ ಆಗು ಅಂದ್ರೆ ನಿಲ್ಲು. ಆಗಾಲಿ ಅಂದ್ರೆ ನಿಲ್ಲಬೇಕು, ತಡೀಬೇಕು." ಲೋಟ ಕೆಳಗಿಟ್ಟು ನಗಲು ಶುರು ಮಾಡಿದರು. "ನಾನು ಮದ್ವಿ ಆಗಿ ಬಂದ ಹೊಸ್ತರಾಗ ಸಾರಿಗೆ ಹುಣಸೆರಸ ಹಾಕ್ತಿದ್ದೆ. ನಮ್ಮತ್ತಿ 'ಆಗು, ಆಗು' ಅಂತ ಕೂಗಿದ್ರು. ಹಾಕು ಅಂತಾರೇನೋ ಅಂತ ಇಡೀ ಬಟ್ಲು ಬಗ್ಗಿಸ್ದೆ!"

ನನಗೆ ನಗು ಬರಲಿಲ್ಲ. ಟೇಪನ್ನು ಕೋಣೆಗೆ ಒಯ್ದು, ಕದ ಹಾಕಿ, ಹನ್ನೊಂದನ್ನೂ ಕಿವಿಗೆ ಒತ್ತಿಕೊಂಡು ಕೇಳಿದೆ. ಗ್ರೈಂಡರ್ ಸದ್ದಿನ ಅಡಿಯಲ್ಲಿ ಪ್ರತಿಯೊಂದರಲ್ಲೂ ಆ ದೀರ್ಘ ಇತ್ತು. ಒಬ್ಬರು ಎರಡೆರಡು ಸಲ ಹೇಳಿದ್ದರು, "ಆಗಾಲಿ ಸಾರ್, ಆಗಾಲಿ." ಅದಕ್ಕೆ ನನ್ನದೇ ದನಿ, ಲವಲವಿಕೆಯಿಂದ, "ಥ್ಯಾಂಕ್ಸ್ ಅಂಡಿ!" ಥೂ, ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ.

ಶೆಡ್ ನಂಬರುಗಳನ್ನು ನಕ್ಷೆಯ ಮೇಲೆ ಗುರುತಿಸಿದೆ. ಹನ್ನೊಂದೂ ಪಕ್ಕಪಕ್ಕದಲ್ಲೇ ಇದ್ದವು, ಓಣಿಯ ನಟ್ಟನಡುವೆ. ಚಾಸಿ ಎಳೆಯುವವರು.

ಮೇಡಂಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ಹನ್ನೊಂದು ಜನ ಅಷ್ಟೇ ತಾನೆ? ನೂರಕ್ಕೆ ತೊಂಬತ್ತು ದಾಟಿದರೆ ಒಮ್ಮತ ಅಂತ ನಮ್ಮ ನಿಯಮವೇ ಹೇಳುತ್ತದೆ. ಅಷ್ಟಿದೆ. ಸಭೆಯಲ್ಲಿ ಉಳಿದವರನ್ನು ನೋಡಿ ಅವರೂ ಸಹಿ ಹಾಕುತ್ತಾರೆ."

"ಸಹಿ ಹಾಕ್ತಾರೆ ಮೇಡಂ. ಅಧ್ಯಕ್ಷರ ಸಭೇಲಿ ಕೈಯನ್ನೂ ಎತ್ತಿದ್ರು."

ಅತ್ತ ಕಡೆ ಅವರು ವರದಿಯ ಪುಟ ತಿರುವಿದ ಸದ್ದು ಕೇಳಿಸಿತು.

"ಮೇಡಂ, ಇದು ಕ್ಯಾಂಟೀನ್ ಸಮಯ ಬದಲಾಯಿಸೋ ವಿಷಯ ಅಲ್ಲ. ಆ ಹನ್ನೊಂದು ಶೆಡ್ ಸರೀದೇ ಇದ್ರೆ ದಾರಿ ಅಲ್ಲೇ ಮುಚ್ಚಿರುತ್ತೆ. ನಮ್ಮ ವರದೀಲಿ ಮಾತ್ರ ತೆರೆದಿರುತ್ತೆ. ಬೆಂಕಿ ಬಿದ್ದ ದಿನ ಅದನ್ನೇ ನಂಬ್ಕೊಂಡು ಬಂಡಿ ಬರುತ್ತೆ."

"ವರದಿ ವಾಪಸು ತೆಗೆದುಕೊಂಡರೆ ಇವತ್ತೇ ಆ ಏಳು ಶೆಡ್ಡಿಗೆ ಬೀಗ ಬೀಳಬಹುದು. ಅದನ್ನು ಯೋಚಿಸಿದ್ದೀರಾ?"

ಅದನ್ನೇ ಯೋಚಿಸುತ್ತಿದ್ದೆ. ತಾತನಿಗೆ ನಾನಂದ ಮಾತು ಕಿವಿಯಲ್ಲಿ ಕೂತಿತ್ತು. ವರದಿ ಓದಿಸಿದರೆ ತಾತನ ಒಲೆ ಉರಿಯುತ್ತದೆ, ತಾತ ಉಳಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ವಾಪಸು ತೆಗೆದುಕೊಂಡರೆ ತಾತ ಉಳಿಯುತ್ತಾರೆ, ಒಲೆ ಆರುತ್ತದೆ. ಮೇಡಂ ಕೊನೆಗೆ, "ನಿಮ್ಮ ಕೆಲಸ, ನಿಮ್ಮ ತೀರ್ಮಾನ," ಎಂದು ಫೋನಿಟ್ಟರು. ಮಂಗಳಗಿರಿಯ ನರಸಿಂಹಸ್ವಾಮಿಗೆ ಕೂತಲ್ಲೇ ಕೈ ಮುಗಿದೆ. ಆಮೇಲೆ ಎದ್ದು ಸಭೆಗೆ ಹೊರಟೆ.

ಸಂಘದ ಸಭಾಂಗಣ ತುಂಬಿತ್ತು. ಅಧ್ಯಕ್ಷರು ಹಾರ ತರಿಸಿದ್ದರು. ಅಧಿಕಾರಿ ವರದಿ ಬಿಚ್ಚುವ ಮೊದಲೇ ನಾನು ಎದ್ದೆ. ನನ್ನ ಹರುಕು ತೆಲುಗಿನಲ್ಲಿ ಹೇಳಿದೆ. ವರದಿ ತಪ್ಪು. ತಪ್ಪು ನನ್ನದು. ನಮ್ಮ ಭಾಷೆಯಲ್ಲಿ ಆಗಲಿ ಅಂದರೆ ಒಪ್ಪಿಗೆ. ನಿಮ್ಮಲ್ಲಿ ಕೆಲವರು ಆಗಾಲಿ ಅಂದಿದ್ದಿರಿ, ನಾನು ಒಪ್ಪಿದ್ದೀರಿ ಅಂತ ಬರೆದುಕೊಂಡೆ.

ಇಡೀ ಸಭೆ ನಕ್ಕಿತು. ನಗುವಿನ ನಡುವೆ ಅಧ್ಯಕ್ಷರ ಮುಖ ಮಾತ್ರ ಕೆಂಪಾಗಿತ್ತು. "ಅಂದದ್ದು ಯಾರು? ಹೆಸರು ಹೇಳಿ!" ಎಂದು ಮೇಜು ಗುದ್ದಿದರು.

"ಹೇಳೋದಿಲ್ಲ ಸಾರ್. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ," ಅಂದೆ. "ಆದ್ರೆ ಒಂದನ್ನ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ಈಗ ಕೇಳ್ತೀನಿ. ತಡೀಬೇಕು ಅಂದೋರು ಯಾವುದಕ್ಕೋಸ್ಕರ ತಡೀಬೇಕು ಅಂದ್ರಿ?"

ಯಾರೂ ಏಳಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು, ಕಾಗದ ಮಡಚತೊಡಗಿದರು. ಮುಂದಿನ ಸಾಲಿನಲ್ಲಿ ಪೇಂಟರ್ ತಾತ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ತಪ್ಪಿಸಿ ನೆಲ ನೋಡಿದೆ.

ಹಿಂದಿನ ಬಾಗಿಲ ಬಳಿ ಒಬ್ಬರು ಎದ್ದರು. ಚಾಸಿ ಎಳೆಯುವವರಲ್ಲಿ ಹಿರಿಯರಾದ ಮೇಸ್ತ್ರಿ, ದಪ್ಪ ಕುತ್ತಿಗೆಯ ಮೌನಿ. "ನಾನು ಅಂದದ್ದು," ಎಂದರು ತೆಲುಗಿನಲ್ಲಿ. "ಬೇಡ ಅನ್ನಲಿಲ್ಲ. ಆಗಾಲಿ ಅಂದೆ. ಯಾಕೆ ಅಂತ ಕೇಳುತ್ತಾರೆ ಅಂದುಕೊಂಡೆ. ಈ ಸಾರ್ ಥ್ಯಾಂಕ್ಸ್ ಅಂದು ಹೊರಟೇಹೋದರು." ಮತ್ತೆ ನಗು. ಅವರ ಹಿಂದೆ ಇನ್ನೊಬ್ಬರು ಎದ್ದರು, ಮತ್ತೊಬ್ಬರು. ನಾನು ಎಣಿಸಿದೆ. ಹನ್ನೊಂದು.

"ಬನ್ನಿ, ತೋರಿಸುತ್ತೇನೆ," ಎಂದರು ಮೇಸ್ತ್ರಿ. ಸಭೆ ಎದ್ದು ಓಣಿಗೆ ನಡೆಯಿತು. ಅವರ ಶೆಡ್ಡಿನ ಮುಂದೆ ನೆಲದಿಂದ ಎದೆಮಟ್ಟಕ್ಕೆ ಎದ್ದ ಒಂದು ಕಬ್ಬಿಣದ ಕಂಬ. ಬಾಗಿದ ಚಾಸಿಗೆ ಸರಪಳಿ ಕಟ್ಟಿ, ಇನ್ನೊಂದು ತುದಿಯನ್ನು ಈ ಕಂಬಕ್ಕೆ ಬಿಗಿದು, ಜಾಕು ಕೊಟ್ಟು ಎಳೆಯುತ್ತಾರೆ. ಲಾರಿಯ ಇಡೀ ಜಗ್ಗಾಟವನ್ನು ತಡೆಯುವುದು ಆ ಕಂಬ, ಅದರ ಅಡಿಯ ಕಾಂಕ್ರೀಟು. ಹನ್ನೊಂದು ಶೆಡ್ಡಿನ ಕಂಬಗಳೂ ಆ ಮುಂದಿನ ಐದಡಿಯಲ್ಲೇ ಇದ್ದವು. ತಿಂಗಳುಗಟ್ಟಲೆ ನಾನು ಆ ಕಂಬಗಳ ಪಕ್ಕದಲ್ಲೇ ಓಡಾಡಿದ್ದೆ. ಒಮ್ಮೆ ಒಂದಕ್ಕೆ ಬ್ಯಾಗನ್ನೂ ನೇತುಹಾಕಿದ್ದೆ.

"ಇದನ್ನು ಕತ್ತರಿಸುವುದು ಒಂದು ದಿನದ ಕೆಲಸ," ಎಂದರು ಮೇಸ್ತ್ರಿ. "ಮೊದಲು ಹಿಂದೆ ಹೊಸ ಕಂಬ ನೆಡಬೇಕು. ಅದರ ಕಾಂಕ್ರೀಟಿಗೆ ಇಪ್ಪತ್ತೊಂದು ದಿನ ನೀರು ಕುಡಿಸಬೇಕು. ಹಸಿ ಕಾಂಕ್ರೀಟಿಗೆ ಸರಪಳಿ ಕಟ್ಟಿದರೆ ಕಂಬ ಕಿತ್ತು ಬಂದು ಎದುರಿಗಿದ್ದವನ ಎದೆಗೆ ಬೀಳುತ್ತದೆ. ಅದಕ್ಕೇ ಆಗಾಲಿ."

ಅಧಿಕಾರಿ ಕಂಬವನ್ನು ಒದ್ದು ನೋಡಿದರು. "ಇಪ್ಪತ್ತೊಂದು ದಿನ ಥಿನ್ನರ್ ಆ ಮೂಲೆಯಲ್ಲಿ ಇರುವುದಕ್ಕೆ ನಾನು ಬಿಡುವುದಿಲ್ಲ," ಅಂದರು. ಮತ್ತೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರು. ಆ ಗದ್ದಲದಲ್ಲಿ ತಾತ ನನ್ನ ತೋಳು ಹಿಡಿದರು.

"ಮುಂದ, ಓಣಿ ಬಾಯಾಗ ಖಾಲಿ ಜಾಗ ಐತಲ್ಲ? ಟಾರ್ಪಾಲು ಕಟ್ಕೊಂಡು ನಾವು ಏಳೂ ಮಂದಿ ಅಲ್ಲಿ ಕುಂದರ್ತೀವಿ. ಡಬ್ಬಿನೂ ಅಲ್ಲೇ. ಇಪ್ಪತ್ತೊಂದು ದಿನ ಅಲ್ಲೇನು? ಹೇಳು ಅವ್ರಿಗೆ."

"ನೀವೇ ಹೇಳಿ ತಾತ. ನಾನು ಹೇಳಿದ್ರೆ ಏನಾಗುತ್ತೆ ಅಂತ ನೋಡಿದ್ರಲ್ಲ," ಅಂದೆ.

ಅವರೇ ಹೇಳಿದರು. ಆ ಜಾಗ ಮುಂದಿನ ಬಾಡಿ ಕಟ್ಟುವವರು ಬಸ್ಸು ನಿಲ್ಲಿಸಿಕೊಳ್ಳುವ ಜಾಗ. ಅವರು ಮುಖ ಮುಖ ನೋಡಿಕೊಂಡರು, ಕೊನೆಗೆ "ಅಲಾಗೇ" ಅಂದರು. ಅಧಿಕಾರಿ ಅಲ್ಲೇ ನಿಂತು ಹೊಸ ಗಡುವು ಬರೆದರು. ಈ ಸಲ ನಾನು ಒಬ್ಬೊಬ್ಬರ ಮಾತನ್ನೂ ಅವರೆದುರಿಗೇ ತಿರುಗಿ ಹೇಳಿ, ಹೌದೋ ಅಲ್ಲವೋ ಅಂತ ಕೇಳಿ, ಆಮೇಲೆ ಬರೆದುಕೊಂಡೆ. ಮುಗಿಯುವ ಹೊತ್ತಿಗೆ ಗಂಟಲು ಕಟ್ಟಿತ್ತು.

ಆ ಇಪ್ಪತ್ತೊಂದು ದಿನಗಳು ನನಗೆ ಸುಖದ ದಿನಗಳೇನಲ್ಲ. ಮೇಡಂ ದಿನಾ ಸಂಜೆ ಫೋನು ಮಾಡಿ, "ಏನಾದರೂ?" ಅನ್ನುತ್ತಿದ್ದರು. ಓಣಿ ಇನ್ನೂ ಮುಚ್ಚಿಯೇ ಇತ್ತು, ಕಿಡಿಗಳು ಹಾರುತ್ತಲೇ ಇದ್ದವು. ಏನಾದರೂ ಆದರೆ ವರದಿ ಕೆಡಿಸಿ ತಡ ಮಾಡಿದವನು ನಾನು. ಬೇಸಿಗೆ ಏರಿತು, ನಲ್ಲಿ ನೀರು ಕಡಿಮೆಯಾಯಿತು. ಹೊಸ ಕಂಬಗಳ ಬುಡಕ್ಕೆ ಸುತ್ತಿದ ಗೋಣಿಚೀಲ ಬೆಳಿಗ್ಗೆ ಒದ್ದೆ ಮಾಡಿದರೆ ಹತ್ತು ಗಂಟೆಗೆ ಗರಿಗರಿ. ಒಂಬತ್ತನೇ ದಿನ ಹೋಗಿ ನೋಡಿದಾಗ ಪೇಂಟರ್ ತಾತ ಎರಡು ಬಕೆಟ್ ಹಿಡಿದು ಚಾಸಿಯವರ ಕಂಬಗಳಿಗೆ ನೀರು ಹೊಯ್ಯುತ್ತಿದ್ದರು. ಹನ್ನೊಂದಕ್ಕೂ. ದಿನಕ್ಕೆ ಮೂರು ಸಲ.

"ಅವರೇ ಹಾಕ್ಕೊಳ್ಳಲ್ವಾ ತಾತ?"

"ಹಾಕ್ತಾರ. ನಾ ಹಾಕಿದ್ರ ನನಗ ನಿದ್ದಿ ಬರ್ತದ," ಅಂದರು. ನಾನೂ ಒಂದು ಬಕೆಟ್ ತೆಗೆದುಕೊಂಡೆ.

ಇಪ್ಪತ್ತೆರಡನೇ ದಿನ ಹಳೆಯ ಕಂಬಗಳನ್ನು ಗ್ಯಾಸ್ ಕಟರ್‌ನಿಂದ ನೆಲಮಟ್ಟಕ್ಕೆ ಕತ್ತರಿಸಿದರು. ತಗಡುಗಳು ಕಳಚಿದವು. ನೂರಿಪ್ಪತ್ತು ಶೆಡ್ಡೂ ಹಿಂದೆ ಸರಿದಾಗ ಓಣಿಯಲ್ಲಿ ಬೆಳಕು ಬಿತ್ತು. ಅಲ್ಲಿ ಇಷ್ಟು ಅಗಲದ ರಸ್ತೆ ಇತ್ತು ಅನ್ನುವುದು ಹಳಬರಿಗೂ ಮರೆತುಹೋಗಿತ್ತು. ಮಾರನೆಯ ದಿನ ಅಧಿಕಾರಿ ಬಂಡಿ ಕಳಿಸಿದರು, ಕೊನೆಯ ಗೋಡೆಯವರೆಗೆ ಹೋಗಿ ಬರಲಿ ಅಂತ.

ನಾನು ಬಂಡಿಯ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಕೈಸನ್ನೆ ಮಾಡುತ್ತಿದ್ದೆ. ಎರಡೂ ಬದಿ ಜನ. ದೂರದಲ್ಲಿ ಗೋಡೆಯ ಮುಂದೆ, ತಮ್ಮ ಶೆಡ್ಡಿನ ಬಾಗಿಲಲ್ಲಿ ತಾತ ನಿಂತಿದ್ದರು. ನಡುವಿಗೆ ಬಂದಾಗ ಮೇಸ್ತ್ರಿಯ ದನಿ ಕೇಳಿಸಿತು.

"ಆಗಂಡಿ!"

ನನ್ನೆರಡು ಕೈಯೂ ಮೇಲಕ್ಕೆ ಹೋದವು. ಬಂಡಿ ಗಕ್ಕನೆ ನಿಂತಿತು. ಮುಂದಿನ ಚಕ್ರಕ್ಕೆ ಒಂದು ಗೇಣು ದೂರದಲ್ಲಿ, ಕತ್ತರಿಸಿದ ಕಂಬದ ಒಂದು ಚೂಪು ಅಂಚು ಮಣ್ಣಿನಿಂದ ಮೇಲೆದ್ದಿತ್ತು. ಟಯರ್ ಸೀಳುವಷ್ಟಿತ್ತು. ಮೇಸ್ತ್ರಿ ಸುತ್ತಿಗೆ ತಂದು ಕುಕ್ಕರಗಾಲಲ್ಲಿ ಕೂತು ಹೊಡೆದರು. ಯಾರೂ ಅವಸರ ಮಾಡಲಿಲ್ಲ, ಡ್ರೈವರ್ ಕೂಡ ಎಂಜಿನ್ ಆರಿಸಿ ಕಾದ. ಅಂಚು ಮಡಚಿ ನೆಲಕ್ಕೆ ಕೂತಿತು. ಮೇಸ್ತ್ರಿ ಅದರ ಮೇಲೆ ಅಂಗೈ ಆಡಿಸಿ ನೋಡಿದರು, ಎದ್ದು ಪಕ್ಕಕ್ಕೆ ಸರಿದರು, ನನ್ನ ಕಡೆ ತಿರುಗಿದರು.

"ಇಪ್ಪುಡು ಮೀ ಆಗಲಿ, ಸಾರ್," ಅಂದರು. ಈಗ ನಿಮ್ಮ ಆಗಲಿ. 'ಗ'ವನ್ನು ಜೋಪಾನವಾಗಿ ಗಿಡ್ಡ ಮಾಡಿ ಹೇಳಿದ್ದರು.

ನಾನು ಕೈ ಇಳಿಸಿದೆ. ಬಂಡಿ ತಾತನ ಬಾಗಿಲವರೆಗೂ ಹೋಯಿತು.